ಒಂಬತ್ತನೇ ನಂಬರ್ ಬಸ್ಸಿನ ಜನ

ಒಂಬತ್ತನೇ ನಂಬರ್ ಬಸ್ಸನ್ನು ನಿಲ್ಲಿಸುತ್ತಾರಂತೆ ಅನ್ನುವ ಸುದ್ದಿ ಆ ಬಸ್ಸಿನ ಕಂಡಕ್ಟರ್ ಆದ ನನಗೆ ಗೊತ್ತಾಗಿದ್ದು ಪ್ರಯಾಣಿಕರ ಬಾಯಿಂದ. ಹದಿನಾಲ್ಕು ವರ್ಷದಿಂದ ಅದೇ ಬಸ್ಸಿನಲ್ಲಿ 'ರೈಟ್, ರೈಟ್' ಅಂತ ಗಂಟಲು ಹರಿದುಕೊಂಡವಳಿಗೆ ಒಂದು ಮಾತು ಹೇಳಬೇಕು ಅಂತ ಡಿಪೋದಲ್ಲಿ ಯಾವ ಪುಣ್ಯಾತ್ಮನಿಗೂ ಅನ್ನಿಸಿರಲಿಲ್ಲ.

"ಸ್ಟಾಪಿನ ಕಂಬಕ್ಕೆ ನೋಟಿಸ್ ಅಂಟಿಸಿದಾರಲ್ಲಮ್ಮಾ, ನೋಡ್ಲಿಲ್ವಾ?" ಅಂದರು ಟೀಚರ್. ರಿಟೈರಾಗಿ ಎಂಟು ವರ್ಷವಾದರೂ ನಮ್ಮ ಬಸ್ಸಿಗೆಲ್ಲ ಅವರು ಟೀಚರ್ರೇ.

ಇಳಿದು ಓದಿದೆ. ಒಂದು ಟ್ರಿಪ್ಪಿಗೆ ಸರಾಸರಿ ಹನ್ನೊಂದು ಜನ ಮಾತ್ರ ಪ್ರಯಾಣಿಸುತ್ತಿದ್ದಾರೆ, ಆದ್ದರಿಂದ ಈ ಮಾರ್ಗ ರದ್ದು ಮಾಡುವ ಬಗ್ಗೆ ನಗರಸಭೆಯ ಸಾರಿಗೆ ಸಮಿತಿ ಮತ ಹಾಕಲಿದೆ. ಹನ್ನೊಂದು ಜನ! ನನ್ನ ಬಸ್ಸಿನ ಹಿಂಬಾಗಿಲಿನಲ್ಲೇ ಹನ್ನೊಂದು ಜನ ಜೋತಾಡುತ್ತಿರುತ್ತಾರೆ. ಮೈಯೆಲ್ಲ ಉರಿದುಹೋಯಿತು. ಅದರ ಹಿಂದೆಯೇ ಅಣ್ಣನ ನೆನಪಾಯಿತು.

ಅಣ್ಣ ಗಡಿಯಾರ ರಿಪೇರಿ ಮಾಡುವವನು. ಎರಡು ವರ್ಷದಿಂದ ಅವನ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ಸಲ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ, ರಕ್ತ ಶುದ್ಧಿ ಮಾಡಿಸಿಕೊಂಡು, ಬಾಡಿದ ಮುಖದಲ್ಲಿ ನನ್ನ ಬಸ್ಸಿನಲ್ಲೇ ವಾಪಸ್ ಬರುತ್ತಾನೆ. ಗುಡ್ಡ ಹತ್ತುವುದು ಒಂಬತ್ತನೇ ನಂಬರ್ ಒಂದೇ. ವಾರಕ್ಕೆ ಮೂರು ದಿನ ಆಟೋ ಅನ್ನುವುದು ನಮ್ಮ ಕೈಗೆಟುಕುವ ಮಾತಲ್ಲ.

ಡ್ಯೂಟಿ ಮುಗಿಸಿ ನೇರ ಡಿಪೋ ಆಫೀಸಿಗೆ ನುಗ್ಗಿದೆ. "ಯಾರ್ರೀ ಎಣಿಸಿದ್ದು ಹನ್ನೊಂದು ಜನ? ಕಣ್ಣೇನು ಮನೇಲಿಟ್ಟು ಬಂದಿದ್ರಾ?"

ಗುಮಾಸ್ತ ತಲೆ ಕೂಡ ಎತ್ತಲಿಲ್ಲ. "ನೀವೇ ಎಣಿಸಿದ್ದು. ನಿಮ್ಮ ಟಿಕೆಟ್ ಮೆಷಿನ್ನಿನ ಲೆಕ್ಕ ಇದು. ಪಾಸಿನವರು ಹತ್ತಿದಾಗ ಪಾಸ್ ಬಟನ್ ಒತ್ತಬೇಕಲ್ಲ, ಒಂದು ಸಲಾನೂ ಒತ್ತಿಲ್ಲ ನೀವು."

ನಿಜ, ಒತ್ತಿಲ್ಲ. ನನ್ನ ಬಸ್ಸಿನಲ್ಲಿ ಮುಕ್ಕಾಲು ಪಾಲು ಜನ ಪಾಸಿನವರು. ರೋಗಿಗಳು, ಆಸ್ಪತ್ರೆಯ ಆಯಾಗಳು, ಬಟ್ಟೆ ಒಗೆಯುವವರು. ಎಲ್ಲರ ಮುಖವೂ ನನಗೆ ಗೊತ್ತು. ಮುಖ ಗೊತ್ತಿರುವವರನ್ನು ಪಾಸ್ ತೋರಿಸಿ ಅಂತ ಕೇಳುವುದೇ ಒಂಥರಾ ಅವಮಾನ ಅನ್ನಿಸುತ್ತಿತ್ತು. ಕೈಯಲ್ಲಿ ಬ್ಯಾಂಡೇಜ್ ಇರುವವರು ಆ ನೂಕುನುಗ್ಗಲಿನಲ್ಲಿ ಚೀಲ ತಡಕಾಡುವುದು ಯಾಕೆ ಅಂತ "ಇರ್ಲಿ ಬಿಡಿ, ಕೂತ್ಕೊಳ್ಳಿ" ಅನ್ನುತ್ತಿದ್ದೆ. ಕೇಳದೆ ಇದ್ದ ಮೇಲೆ ಬಟನ್ನಿನ ನೆನಪೂ ಬರುತ್ತಿರಲಿಲ್ಲ. ನನ್ನ ಸೌಜನ್ಯದಿಂದಲೇ ಅಷ್ಟೂ ಜನ ಸರ್ಕಾರದ ಕಣ್ಣಿಗೆ ಕಾಣದಂತಾಗಿದ್ದರು. ನನ್ನ ಸ್ವಂತ ಅಣ್ಣನೂ ಸೇರಿ.

ಮನೆಗೆ ಬಂದು ಅಣ್ಣನಿಗೆ ಎಲ್ಲ ಹೇಳಿದೆ. ಅವನು ಬಾಗಿಲ ಹತ್ತಿರದ ಮೇಜಿನಲ್ಲಿ ಯಾರದ್ದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದ.

"ಬಾಯಿ ಮುಚ್ಕೊಂಡಿರು ಪುಟ್ಟಿ," ಅಂದ. "ತಪ್ಪು ಒಪ್ಕೊಂಡ್ರೆ ಮೊದಲು ನಿನ್ನ ಕೆಲಸ ಹೋಗುತ್ತೆ. ಮೇಲಿನೋರು ಆಗ್ಲೇ ತೀರ್ಮಾನ ಮಾಡಿರ್ತಾರೆ. ನಮ್ಮಂಥೋರ ಮಾತು ಯಾರು ಕಿವಿಗೆ ಹಾಕ್ಕೋತಾರೆ?"

"ಮತ್ತೆ ನಿನ್ನ ಗತಿ?"

ಅವನು ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಕೆಲಸಕ್ಕೆ ಕೂತ. ಈ ಗಂಡಸರು ಸೋಲನ್ನು ಎಷ್ಟು ಗಂಭೀರವಾಗಿ ಒಪ್ಪಿಕೊಳ್ಳುತ್ತಾರೆ ಅಂದರೆ, ಅದೇ ದೊಡ್ಡ ಬುದ್ಧಿವಂತಿಕೆ ಅನ್ನಿಸಿಬಿಡಬೇಕು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ಟೀಚರ್ ಆ ನೋಟಿಸಿನ ಕೊನೆಯ ಸಣ್ಣ ಅಕ್ಷರಗಳನ್ನೂ ಓದಿ ಬಂದಿದ್ದರು. ಆಕ್ಷೇಪಣೆ ಇರುವವರು ಹೆಸರು ಕೊಟ್ಟರೆ ಸಭೆಯಲ್ಲಿ ತಲಾ ಮೂರು ನಿಮಿಷ ಮಾತಾಡಬಹುದು. ಎಲ್ಲರ ಮಾತು ಕೇಳಿದ ಮೇಲೆಯೇ ಮತ ಹಾಕಬೇಕು.

"ಎಷ್ಟು ಜನ ಮಾತಾಡಬಹುದು ಟೀಚರ್?"

"ಅದನ್ನ ಬರೆದಿಲ್ಲ," ಅಂದರು ಟೀಚರ್, ಕಣ್ಣು ಮಿಟುಕಿಸಿ.

ಅಲ್ಲಿಂದ ಎರಡು ವಾರ ನಾನು ಟಿಕೆಟ್ಟಿನ ಜೊತೆ ಹೆಸರು ಬರೆದುಕೊಂಡೆ. "ನಮಗೆಲ್ಲಿ ಭಾಷಣ ಮಾಡೋಕೆ ಬರುತ್ತೆ ಅಕ್ಕಾ," ಅಂತ ಹಿಂಜರಿದವರೇ ಎಲ್ಲ.

"ಭಾಷಣ ಯಾರಿಗೆ ಬೇಕು? ಎಲ್ಲಿ ಹತ್ತುತೀರಿ, ಎಲ್ಲಿ ಇಳೀತೀರಿ, ಯಾಕೆ, ಇಷ್ಟೇ ಹೇಳಿ. ದಿನಾ ನನ್ನ ಹತ್ರ ಜಗಳ ಆಡೋಕೆ ಬಾಯಿ ಬರುತ್ತಲ್ಲ, ಅದೇ ಬಾಯಿ ಸಾಕು."

ಅರವತ್ತೇಳು ಹೆಸರಾದವು. ಕೊನೆಗೆ ಪಟ್ಟಿಯನ್ನು ಟೀಚರ್ ಕೈಗೆ ಕೊಟ್ಟೆ, ಅವರೇ ಹೋಗಿ ಸಲ್ಲಿಸಿದರು.

ಮಂಗಳವಾರ ಬೆಳಿಗ್ಗೆ ಸಮಿತಿಯ ಕೋಣೆಯಲ್ಲಿ ಸಾರ್ವಜನಿಕರಿಗೆ ಅಂತ ಇಟ್ಟಿದ್ದು ಹನ್ನೆರಡು ಕುರ್ಚಿ. ನಾವು ಒಳಗೆ ಬರುತ್ತಲೇ ಇದ್ದೆವು. ಗೋಡೆಗೆ ಆತು, ಕಿಟಕಿಗೆ ಒರಗಿ, ಬಾಗಿಲಿನ ಆಚೆಯವರೆಗೂ ನಿಂತೆವು.

"ಏನಮ್ಮಾ ಇದು, ಬಸ್ ಸ್ಟ್ಯಾಂಡಾ?" ಅಂದರು ಅಧ್ಯಕ್ಷರು.

"ಇಲ್ಲ ಸಾರ್, ಬಸ್ಸು," ಅಂದೆ. ಹಿಂದೆ ಕಿಸಕ್ಕಂತ ನಕ್ಕರು.

ಮೊದಲ ಹೆಸರು ನನ್ನದೇ. ನನ್ನ ಡಿಪೋ ಮ್ಯಾನೇಜರ್ ಎದುರಿಗೇ ಕೂತಿದ್ದರು. "ಹನ್ನೊಂದು ಅನ್ನೋ ಲೆಕ್ಕ ತಪ್ಪು. ತಪ್ಪು ಮಾಡಿದೋಳು ನಾನು. ಪಾಸಿನೋರನ್ನ ನಾನು ಮೆಷಿನ್ನಿಗೆ ಹಾಕಲೇ ಇಲ್ಲ. ಅದಕ್ಕೆ ನನಗೇನು ಶಿಕ್ಷೆ ಕೊಡ್ತೀರೋ ಕೊಡಿ, ಬಸ್ಸಿಗೆ ಕೊಡಬೇಡಿ. ನಾನು ಎಣಿಸದೆ ಬಿಟ್ಟ ಜನ ಇಲ್ಲಿದಾರೆ, ನೀವೇ ಎಣಿಸಿಕೊಳ್ಳಿ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುವವಳು, ನೆಲ ಒರೆಸುವವಳು, ಮಗಳನ್ನು ಕಣ್ಣಿನ ಚಿಕಿತ್ಸೆಗೆ ಕರೆದೊಯ್ಯುವ ಮೇಸ್ತ್ರಿ. ಎಲ್ಲಿ ಹತ್ತುತ್ತೇನೆ, ಎಲ್ಲಿ ಇಳಿಯುತ್ತೇನೆ, ಯಾಕೆ. ಹೆಚ್ಚಿನವರು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಮೊದಮೊದಲು ಫೋನ್ ನೋಡುತ್ತಿದ್ದ ಸದಸ್ಯರು ಇಪ್ಪತ್ತನೆಯವರ ಹೊತ್ತಿಗೆ ಫೋನ್ ಕೆಳಗಿಟ್ಟರು. ಹನ್ನೊಂದು ಜನ ಅಂತ ವರದಿ ಬರೆದಿದ್ದ ಕನ್ನಡಕದ ಸದಸ್ಯರು ಕಾಗದದ ಮೇಲೆ ಗೆರೆ ಎಳೆದು ಎಣಿಸತೊಡಗಿದರು.

ಅರವತ್ತೇಳೂ ಮುಗಿಯಿತು ಅಂದುಕೊಂಡೆ. ಅಧ್ಯಕ್ಷರು ಅರವತ್ತೆಂಟನೇ ಹೆಸರು ಓದಿದರು. ಅದು ಅಣ್ಣನ ಹೆಸರು. ಟೀಚರ್ ಹತ್ತಿರ ಯಾವಾಗ ಬರೆಸಿದ್ದನೋ, ಯಾವಾಗ ಬಂದು ಬಾಗಿಲ ಹೊರಗೆ ನಿಂತಿದ್ದನೋ. ಜನ ದಾರಿ ಬಿಟ್ಟರು. ಅವನು ನಿಧಾನವಾಗಿ ಬಂದು ಮೈಕಿನ ಮುಂದೆ ನಿಂತ.

"ಸೋಮವಾರ, ಬುಧವಾರ, ಶುಕ್ರವಾರ ನಾನು ಆಸ್ಪತ್ರೆ ಸ್ಟಾಪಲ್ಲಿ ಇಳೀತೀನಿ. ಬಸ್ ಇಲ್ದಿದ್ರೆ ಇಳಿಯೋಕಾಗಲ್ಲ. ಇಳೀದೇ ಇದ್ರೆ ಎರಡು ವಾರ ಬದುಕ್ತೀನೇನೋ." ಅವನು ಗೋಡೆಯ ಗಡಿಯಾರ ನೋಡಿದ. "ನನಗೆ ಇನ್ನೂ ಎರಡೂವರೆ ನಿಮಿಷ ಇದೆ. ಬೇಕಾದ್ರೆ ನೀವಿಟ್ಕೊಂಡು ಯೋಚನೆ ಮಾಡಿ."

ಅಧ್ಯಕ್ಷರು ಆ ಎರಡೂವರೆ ನಿಮಿಷವನ್ನು ನಿಜವಾಗಿಯೂ ಹಾಗೇ ಬಿಟ್ಟರು.

ಆಮೇಲೆ ಕೇಳಿದರು: "ಮಾರ್ಗ ಉಳಿಸಬೇಕು ಅನ್ನುವವರು ಕೈ ಎತ್ತಿ." ನಾವೆಲ್ಲ ಎತ್ತಿಬಿಟ್ಟೆವು. "ನೀವಲ್ಲ, ಸದಸ್ಯರು," ಅಂತ ಅವರು ಗದರಿದರು. ನಾವು ಇಳಿಸಲಿಲ್ಲ. ಇದ್ದ ಏಳು ಸದಸ್ಯರಲ್ಲಿ ಮೂರು ಕೈ ಎದ್ದವು. ಇನ್ನೊಂದು ಬೇಕಿತ್ತು. ಕನ್ನಡಕದ ಸದಸ್ಯರು ತಮ್ಮ ಗೆರೆಗಳನ್ನೇ ನೋಡುತ್ತ ಕೂತಿದ್ದರು.

"ವರದಿ ನಂದೇ," ಅಂದರು ಕೊನೆಗೆ. "ಬಸ್ಸು ಹತ್ತಿ ನೋಡದೆ ಬರೆದೆ." ಕೈ ಎತ್ತಿದರು.

ಮ್ಯಾನೇಜರ್ ನನ್ನ ಕಡೆ ಬಗ್ಗಿ, "ನಿನಗೆ ನಾಳೆ ನೋಟಿಸ್ ಕೊಡ್ಲೇಬೇಕಮ್ಮಾ," ಅಂದರು. "ಧಾರಾಳವಾಗಿ ಕೊಡಿ ಸಾರ್," ಅಂದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಅಧ್ಯಕ್ಷರು ತೀರ್ಮಾನ ಓದಲು ಬಾಯಿ ತೆರೆದರು. ಅಷ್ಟರಲ್ಲಿ ಮೈಕಿನ ಮುಂದೆಯೇ ನಿಂತಿದ್ದ ನನ್ನ ಅಣ್ಣ, ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ನನ್ನ ಅಣ್ಣ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ:

"ರೈಟ್, ರೈಟ್!"