ಮುತ್ತಜ್ಜನ ಕರಿ ವಿಭೂತಿ

ಕಿಶೋರನ ಬಾಯಿಂದ ನೆಟ್ಟಗೆ ಒಂದು ಮಾತು ಹೊರಟದ್ದನ್ನು ಕಾಂದಿವಲಿಯ ಆ ಬಿಲ್ಡಿಂಗಿನಲ್ಲಿ ಯಾರೂ ಕೇಳಿರಲಿಲ್ಲ. ಲಿಫ್ಟ್ ಕೆಟ್ಟು ನಿಂತರೆ, "ಈ ಮೆಟ್ಟಿಲು ನನ್ನ ಸುಸ್ತು ಮಾಡಬಹುದು, ಸೋಲಿಸಲಾರದು!" ಎಂದು ಎದೆ ತಟ್ಟಿಕೊಂಡು ಏರುವ ಪ್ರಾಣಿ. ನಾಟಕದ ಗಡ್ಡ ಅಂಟಿಸಿಕೊಂಡು ಬಂದು ವಾಚ್‌ಮನ್‌ನ ಕೈಲಿ ನಮಸ್ಕಾರ ಹಾಕಿಸಿಕೊಂಡಿದ್ದ. ಅಜ್ಜ ದಾನಪ್ಪನ ಮುಂದೆ ಕೂತಾಗ ಮಾತ್ರ ಅವನ ಸೌಂಡ್ ಕಡಿಮೆಯಾಗುತ್ತಿತ್ತು.

ದಾನಪ್ಪನ ಎಡಗಣ್ಣು ಹೋಗಿ ವರ್ಷವಾಗಿತ್ತು. ಬಲಗಣ್ಣಲ್ಲಿ ಉಳಿದದ್ದು ಊದುಗೊಳವೆಯಲ್ಲಿ ಇಣುಕಿದಷ್ಟೇ ಬೆಳಕು. ಅದೂ ದೀಪಾವಳಿ ಕಾಣುವುದು ಅನುಮಾನ ಎಂದಿದ್ದರು ಡಾಕ್ಟರು.

"ಕತ್ತಲಾಗೂದ್ರಾಗ ನಮ್ಮ ಮುತ್ತಜ್ಜನ ಮಾರಿ ಒಮ್ಮಿ ನೋಡಬೇಕಲೋ," ಎಂದಿದ್ದ ದಾನಪ್ಪ. ಕೇಳಿದ್ದು ಅದೊಂದೇ.

ಮುತ್ತಜ್ಜನೆಂದರೆ ಶರಣಬಸಪ್ಪ. ಧಾರವಾಡದ ಕಡೆಯಿಂದ ಹತ್ತಿಯ ಗಾಡಿಗಳ ಜೊತೆ ಬೊಂಬಾಯಿಗೆ ಬಂದು, ಒಬ್ಬ ಬಿಳಿ ಸಾಹೇಬನ ಫೋಟೋ ಡೇರೆಯಲ್ಲಿ ನೀರು ಹೊರುತ್ತ, ಗಾಜಿಗೆ ಬೆಳ್ಳಿ ಔಷಧ ಬಳಿದು ಮನುಷ್ಯನ ಮುಖ ಹಿಡಿಯುವ ವಿದ್ಯೆ ಕಲಿತವನು. ಸಾಹೇಬ ಹಡಗು ಹತ್ತುವಾಗ ಹಳೆಯ ಕ್ಯಾಮೆರಾ ಇವನ ಪಾಲಿಗೆ ಬಂತು. ನಮ್ಮ ಮಂದಿಯಲ್ಲಿ ಆ ಪೆಟ್ಟಿಗೆ ಹಿಡಿದ ಮೊದಲಿಗ ಇವನೇ ಎಂಬುದು ಮನೆಯವರ ಹೆಮ್ಮೆ.

"ಆದ್ರ ಬದುಕಿದಾವ್ರು ಯಾರೂ ಬರ್ತಿದ್ದಿಲ್ಲ," ಎಂದ ದಾನಪ್ಪ. "ಫೋಟೋ ತಗಸಿದ್ರ ಆಯುಷ್ಯ ಕಮ್ಮಿ ಆಗ್ತದ ಅಂತ ಹೆದರಿಕಿ. ಸತ್ತಾವ್ರಿಗೆ ಏನ ಹೆದರಿಕಿ? ಗ್ವಾಡಿಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಮಾಲಿ ಹಾಕಿ, ಆಮ್ಯಾಲೆ ಇವನ್ನ ಕರೀತಿದ್ರು. ಅಲುಗಾಡಂಗಿಲ್ಲ, ಕಣ್ಣ ಮಿಟಗಸಂಗಿಲ್ಲ. ಭಾಳ ಚಲೋ ಗಿರಾಕಿ."

"ಹೀರೋ ಎಂಟ್ರಿನೇ ಹೆಣದ ಜೋಡಿ! ಅಜ್ಜಾ, ಇದು ಫುಲ್ ಹಾರರ್ ಪಿಕ್ಚರ್."

"ನಗು ಮಗನ. ಅವನೂ ನಗತಿದ್ದನಂತ. ಓಣ್ಯಾಗ ಎದುರಿಗೆ ಬಂದ್ರ ಮಂದಿ ದಾರಿ ಬದಲಸ್ತಿದ್ರು. ಮದವಿಗೆ ಕರೀತಿದ್ದಿಲ್ಲ. ಸ್ವಂತ ಹೇಣ್ತಿನೂ ಅವನ ಕ್ಯಾಮೆರಾದ ಮುಂದ ಒಂದ ದಿನ ಕೂಡಲಿಲ್ಲ. ಬೆಳ್ಳಿ ಔಷಧ ಹತ್ತಿ ಹತ್ತಿ ಬೆರಳು ಕರ್ರಗಾಗಿದ್ವಂತ, ಸಾಯೂತನಕ ಆ ಬಣ್ಣ..."

ಕಿಶೋರ ಆಗಲೇ ಫೋನಿನಲ್ಲಿ ಮುಳುಗಿ ರೂಪಾಲಿಗೆ ಮೆಸೇಜ್ ಒತ್ತುತ್ತಿದ್ದ. ಕಾಲೇಜಿನ ಗೆಳತಿ, ಬಾಂದ್ರಾದ ಒಂದು ಸ್ಟುಡಿಯೋದಲ್ಲಿ ಕೆಲಸ. ಹಳೆಯ ಗಾಜಿನ ಫೋಟೋ ಎಷ್ಟು ಮಾಸಿದ್ದರೂ ಕಾಗದಕ್ಕೆ ಇಳಿಸಿಕೊಡುತ್ತೇನೆ ಎಂದಿದ್ದಳು.

ಇಳಿಸಬೇಕಾದ ಗಾಜು ಮನೆಯ ಟ್ರಂಕಿನಲ್ಲೇ ಇತ್ತು. ಶರಣಬಸಪ್ಪ ಸತ್ತಾಗ, ಎಲ್ಲರನ್ನೂ ಕೂಡಿಸಿದ ಹಾಗೆ ಅವನನ್ನೂ ಕೂಡಿಸಿ, ಅವನದೇ ಕ್ಯಾಮೆರಾದಲ್ಲಿ ಮಗ ತೆಗೆದ ಗಾಜು. ಕಾಗದಕ್ಕೆ ಇಳಿಸಲು ಹೊರಟಾಗ ವಿಧವೆ ತಾಯಿ ತಡೆದಿದ್ದಳಂತೆ: "ಮಣ್ಣಾಗ ಇಟ್ಟಾವನ್ನ ಕಾಗದದ ಮ್ಯಾಲ ಎಬ್ಬಸಬ್ಯಾಡ." ಉಳಿದ ಗಾಜುಗಳನ್ನೆಲ್ಲ ಪಟಗಳಿಗೆ ಕಟ್ಟು ಹಾಕುವವರು ಒಯ್ದು, ಚಿತ್ರ ಕೆರೆದು ತೆಗೆದು, ದೇವರ ಪಟಗಳಿಗೆ ಹೊಂದಿಸಿಕೊಂಡರು. ಇದೊಂದು ಮಾತ್ರ ಹಳೆಯ ಧೋತರದಲ್ಲಿ ಸುತ್ತಿಕೊಂಡು ನಾಲ್ಕು ತಲೆಮಾರು ಮಲಗಿತ್ತು.

ಮಹಾನವಮಿಗೆ ಮುಂಚಿನ ಅಮಾವಾಸ್ಯೆಗೆ ಹಿರಿಯರ ಪೂಜೆ. ಅದರ ಹಿಂದಿನ ದಿನ ಕಿಶೋರ ಆಕಳಿಸುತ್ತ ಎದ್ದು ಬರುವ ಹೊತ್ತಿಗೆ ಅಜ್ಜಿ ಕಾಶವ್ವ ದೇವರ ಸಾಮಾನು ತಿಕ್ಕಿ ಸಾಲಾಗಿ ಬಿಸಿಲಿಗಿಟ್ಟಿದ್ದಳು. ತಂಬಿಗೆ, ಆರತಿ, ಗಂಟೆ. ಕೊನೆಯಲ್ಲಿ ಒಂದು ಗಾಜು. ಅದರಾಚೆ ಎದುರು ಬಿಲ್ಡಿಂಗಿನ ಬಾಲ್ಕನಿಯ ಒಣಗಿದ ಟವೆಲ್ಲು ಸ್ವಚ್ಛವಾಗಿ ಕಾಣುತ್ತಿತ್ತು.

"ಆಯಿ, ಇದ್ಯಾವ ಗಾಜು?"

"ಅದs ಹಿರ್‍ಯಾರದು. ಟ್ರಂಕಿನ್ಯಾಗಿಂದ ತಗದೆ. ಹಣಿಗೆಲ್ಲಾ ಮಸಿ ಬಡದಿತ್ತೋ ತಮ್ಮಾ, ವಿಭೂತಿ ಇರೂ ಜಾಗಾದಾಗ ಮೂರು ಕರೀ ಗೀಟು! ಪೂಜಿಗೆ ಹಂಗ ಇಡಾಕ ಬರ್ತದೇನ? ಬಿಸಿನೀರಾಗ ಬೂದಿ, ಲಿಂಬಿಹಣ್ಣ ಹಾಕಿ ತಿಕ್ಕಿದೆ. ಮಸಿ ಹೋತು. ಆದ್ರ..." ಕಾಶವ್ವನ ದನಿ ಇಳಿಯಿತು. "ಆದ್ರ ಅವರೂ ಹೋದ್ರು."

ನೆಗೆಟಿವ್ ಗಾಜಿನ ಮೇಲೆ ಬಿಳಿಯದು ಕಪ್ಪಾಗಿ ಕಾಣುತ್ತದೆ, ಆ ಕಪ್ಪೇ ವಿಭೂತಿಯಾಗಿತ್ತು ಎಂದು ಅವಳಿಗೆ ಯಾರು ಹೇಳಿದ್ದರು? ಕಿಶೋರ ಗಾಜನ್ನು ಎತ್ತಿ ಬಿಸಿಲಿಗೆ ಹಿಡಿದ.

"ಹೆಂಗಿದ್ದ ಆಯಿ, ಮುತ್ತಜ್ಜ?"

"ಏನ ಹೇಳ್ಲಿ? ಮಸಿ ನೋಡಿದೆ, ಮಾರಿ ನೋಡಲಿಲ್ಲ."

ಒಳಗಿನ ಕೋಣೆಯಿಂದ ದಾನಪ್ಪ ಕೆಮ್ಮಿದ. "ಕಿಶೋರಾ, ಹೊಂಟೇನೋ ಬಾಂದ್ರಾಕ್ಕ?"

ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಿಶೋರ ಒಮ್ಮೆ ಅವಳ ಕೈ ನೋಡಿದ. ಲಿಂಬೆಹುಳಿಗೆ ಬೆರಳುಗಳು ಬಿಳಿಚಿಕೊಂಡಿದ್ದವು.

"ಹೊಂಟೆ ಅಜ್ಜಾ!" ಎಂದು ಕೂಗಿದ. "ಸಂಜಿಕ ಮುತ್ತಜ್ಜನ ಗ್ರ್ಯಾಂಡ್ ರಿಲೀಸ್!"

ಬಾಂದ್ರಾದಲ್ಲಿ ರೂಪಾಲಿ ಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಕಿಶೋರ್, ಕುಛ್ ನಹೀ ಹೈ. ಇದು ಖಾಲಿ ಖಿಡಕಿ ಗಾಜು. ಅಜ್ಜಾಗೆ ಸಚ್ ಹೇಳ್ ನಾ."

"ಖರೇ ಹೇಳಿದ್ರ ಅಜ್ಜ ಕೊರಗತಾನ. ಆಯಿ ಸಾಯೂತನಕ ಅವನ ಎದುರಿಗೆ ಬರಂಗಿಲ್ಲ." ಅವನು ಬ್ಯಾಗು ಬಿಚ್ಚಿದ. ನಾಟಕದ ಗಡ್ಡ, ವಿಭೂತಿ ಉಂಡೆ, ಗಾಜು ಸುತ್ತಿದ್ದ ಅದೇ ಧೋತರ, ಸ್ಟೇಷನ್ನಿನ ಹೊರಗೆ ಕೊಂಡ ಚೆಂಡುಹೂವಿನ ಮಾಲೆ. "ಡಬಲ್ ರೋಲ್. ಮುತ್ತಜ್ಜನೂ ನಾನೇ. ಫೋಟೋ ತೆಗಿ."

"ಪಾಗಲ್ ಹೈ ಕ್ಯಾ? ಜೀವ ಇದ್ದವನು ಹೆಣ ಆಗ್ತಿಯಾ?"

"ಆ್ಯಕ್ಟಿಂಗು ರೂಪಾಲಿ, ಆ್ಯಕ್ಟಿಂಗು."

ಗೋಡೆಗೆ ಆನಿಕೊಂಡು ಪದ್ಮಾಸನ ಹಾಕಿ ಕೂತ. ಎಡ ಅಂಗೈಯಲ್ಲಿ ತನ್ನ ಕೊರಳಿನ ಲಿಂಗ, ಕಣ್ಣು ಮುಚ್ಚಿದ್ದವು. "ಹಿಲ್ನಾ ಮತ್, ಅಲುಗಬೇಡ," ಎಂದಳು ರೂಪಾಲಿ. ಉಸಿರು ಬಿಗಿಹಿಡಿದಾಗ, ಹಿಂದೆ ಹೀಗೆ ಕೂತವರಲ್ಲಿ ಯಾರಿಗೂ ಉಸಿರು ಹಿಡಿಯುವ ಕಷ್ಟ ಇರಲಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಜೋಕು ಚೆನ್ನಾಗಿತ್ತು. ನಗು ಬರಲಿಲ್ಲ. ಆಮೇಲೆ ರೂಪಾಲಿ ಬಣ್ಣ ತೆಗೆದು, ಬಿರುಕು ಎಳೆದು, ನೂರು ವರ್ಷದ ಧೂಳು ಹಾಕಿ ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದಾಗ, ಅಲ್ಲಿ ಸತ್ತು ಕೂತಿದ್ದವನನ್ನು ಅವನು ಎರಡನೇ ಸಲ ನೋಡಲಿಲ್ಲ.

ಸಂಜೆ ದಾನಪ್ಪ ಕಿಟಕಿಯ ಪಕ್ಕ ಕೂತು ಫೋಟೋವನ್ನು ಬಲಗಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದ. ಒಂದೇ ನೋಟಕ್ಕೆ ಇಡೀ ಮುಖ ದಕ್ಕುವಂತಿರಲಿಲ್ಲ. ಹಣೆಯಿಂದ ಶುರುಮಾಡಿ ತುಂಡು ತುಂಡಾಗಿ ಇಳಿದ. ವಿಭೂತಿ. ಮುಚ್ಚಿದ ಕಣ್ಣು. ಗಡ್ಡ. "ನಮ್ಮಪ್ಪನ ಮೂಗು," ಎಂದ. ಕಿಶೋರನ ಎದೆ ಹಗುರಾಯಿತು. ಮೂಗು ಮನೆತನದ್ದೇ ಅಲ್ಲವೇ.

ನೋಟ ಅಂಗೈಗೆ ಬಂದು ನಿಂತಿತು.

"ಬೆರಳು ಬೆಳ್ಳಗ ಅದಾವಲ್ಲೋ."

"ಅದು... ಮಣ್ಣ ಮಾಡೂಮುಂದ ತೊಳದಿರ್ತಾರ ಅಜ್ಜಾ."

"ತೊಳದ್ರ ಹೋಗೂ ಬಣ್ಣ ಅಲ್ಲದು, ಮಗನ. ಆವತ್ತ ಹೇಳಿದ್ನಲ್ಲ." ದನಿ ಏರಿರಲಿಲ್ಲ. ದಾನಪ್ಪ ಕೈಚಾಚಿ ತಡಕಾಡಿ ಕಿಶೋರನ ಕೈ ಹಿಡಿದ. ಬೆರಳುಗಳನ್ನು ಒಂದೊಂದಾಗಿ ಸವರಿದ. "ಗಾಜು ಎಲ್ಲೈತಿ?"

ಅಡುಗೆಮನೆಯ ಬಾಗಿಲಲ್ಲಿ ಬಳೆಯ ಸದ್ದಾಗಿ ನಿಂತುಹೋಯಿತು. ದಾನಪ್ಪ ಆ ಸದ್ದಿನ ಕಡೆ ಮುಖ ತಿರುಗಿಸಿದ. ಆಮೇಲೆ ದನಿ ಎತ್ತಿದ.

"ಕಾಶವ್ವಾ, ಬಾ ಇಲ್ಲೆ. ನಮ್ಮ ಮುತ್ತಜ್ಜ ಭಾಳ ಚಂದ ಇದ್ದ, ನೋಡು."

ಕಾಶವ್ವ ಬಂದು ನೋಡಿದಳು. ಗಡ್ಡದ ಮೇಲೆ, ಎಡ ಹುಬ್ಬಿನಲ್ಲಿ ಒಂದು ಸಣ್ಣ ಗೀರು. ಕಿಶೋರ ತೊಟ್ಟಿಲಿಂದ ಬಿದ್ದಾಗ ಆ ಗಾಯಕ್ಕೆ ಅರಿಶಿನ ಒತ್ತಿದವಳು ಅವಳೇ.

"ಹೌದ್ರಿ," ಎಂದಳು ಕೊನೆಗೆ. "ಚಂದ ಅದಾರ."

ಮರುದಿನ ಪೂಜೆಗೆ ಹಿರಿಯರನ್ನೆಲ್ಲ ಸಾಲಾಗಿ ಇಟ್ಟರು. ಹೊಸ ಫೋಟೋ ಕೊನೆಯಲ್ಲಿ. ಕಾಶವ್ವ ಒಬ್ಬೊಬ್ಬರಿಗೂ ವಿಭೂತಿ ಹಚ್ಚಿ, ಮಾಲೆ ಹಾಕುತ್ತ ಬಂದಳು. ಕೊನೆಯದರ ಮುಂದೆ ಮಾಲೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿ ಕೂತ ಕಿಶೋರನ ಕಡೆ ಅವಳು ನೋಡಲಿಲ್ಲ.

"ಹಾಕಿದೇನ?" ಎಂದ ದಾನಪ್ಪ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ.

ಅವಳು ಫೋಟೋವನ್ನು ಸದ್ದಿಲ್ಲದೆ ಕವುಚಿಟ್ಟಳು. ಕಿಶೋರ ವಾಪಸು ತಂದಿದ್ದ, ತಾನು ಪಟಗಳ ಹಿಂದೆ ಬಚ್ಚಿಟ್ಟಿದ್ದ ಖಾಲಿ ಗಾಜನ್ನು ಅದರ ಜಾಗಕ್ಕೆ ನಿಲ್ಲಿಸಿ, ಅದಕ್ಕೆ ಮಾಲೆ ಹಾಕಿದಳು. ಚೆಂಡುಹೂವು ಗಾಜಿನ ಎರಡೂ ಬದಿಗೆ ಕಂಡಿತು. ನಡುವೆ ಬರೀ ಗೋಡೆ.

"ಹಾಕೀನ್ರಿ."

"ಚಲೋ ಮಾಡಿದಿ," ಎಂದ ದಾನಪ್ಪ. ಕೈಮುಗಿಯುವ ಮುಂಚೆ ಕಿಶೋರನ ತಲೆ ಎಲ್ಲಿದೆಯೆಂದು ತಡಕಾಡಿ, ಅದರ ಮೇಲೆ ಅಂಗೈ ಊರಿದ. "ಇವಂಗ ಮಾತ್ರ ಆಯುಷ್ಯ ಕಮ್ಮಿ ಮಾಡಬ್ಯಾಡಪ್ಪ," ಎಂದು ಆ ಖಾಲಿ ಗಾಜಿನ ದಿಕ್ಕಿಗೆ ಬೇಡಿಕೊಂಡ.