ಎನಿಥಿಂಗ್ ಎಲ್ಸ್, ಸರ್?

ಸೂಪಿನ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಚಮಚವನ್ನು ಬಲಗಡೆಗೆ ಸರಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನಿಂತ ತಮ್ಮ. ಕೈ ಬೆನ್ನ ಹಿಂದೆ.

“ಎನಿಥಿಂಗ್ ಎಲ್ಸ್, ಸರ್?”

ಅಣ್ಣನ ಮೈ ಉರಿದುಹೋಯಿತು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಮ್ಮನ ಮನೆಗೆ ಬಂದು ಬಿದ್ದು ಒಂಬತ್ತು ದಿನ. ಹೆಂಡತಿ ಮಗಳ ಹೆರಿಗೆಗೆ ಹೋಗಿದ್ದಳು, ಬೇರೆ ಗತಿಯಿರಲಿಲ್ಲ. ತಮ್ಮ ಬೇಡ ಅನ್ನಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಹೊತ್ತುಹೊತ್ತಿಗೆ ಊಟ, ಮಾತ್ರೆ, ಬೆಡ್‌ಪ್ಯಾನು. ಪ್ರತಿಯೊಂದರ ಕೊನೆಗೂ ಅವನು ವೇಟರ್ ಆಗಿರುವ ಹೋಟೆಲಿನವರು ಬಾಯಿಪಾಠ ಮಾಡಿಸಿದ ಆ ಇಂಗ್ಲಿಷು. ಬೆಡ್‌ಪ್ಯಾನು ಎತ್ತಿಕೊಂಡು ಹೋಗುವಾಗಲೂ “ಪ್ಲೀಸ್ ಲೆಟ್ ಮಿ ನೋ ಇಫ್ ಯು ನೀಡ್ ಎನಿಥಿಂಗ್” ಅನ್ನುವವನಿಗೆ ಏನೆಂದು ಬೈಯುವುದು? ಅಡುಗೆಮನೆಯಲ್ಲಿ ತನ್ನ ಹೆಂಡತಿಯ ಜೊತೆ ಮಾತ್ರ ಅವನು ಮನುಷ್ಯನ ಹಾಗೆ ನಗುತ್ತ ಹರಟುವುದು ಕೇಳಿಸುತ್ತಿತ್ತು.

“ಅಣ್ಣನ ಹತ್ರ ಮಾತಾಡೋ ರೀತಿನಾ ಇದು? ನನ್ನೇನು ಗಿರಾಕಿ ಅಂದ್ಕೊಂಡಿದೀಯಾ?”

“ಸಾರಿ, ಸರ್.”

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಗೆ ತಡೆಯಲಾಗಲಿಲ್ಲ. “ಸರ್ ಅನ್ನೋಕೆ ಕಲಿಸಿದ್ದು ನೀವೇ ಅಲ್ವಾ, ಭಾವ?”

ಅಣ್ಣ ಮರೆತಿರಲಿಲ್ಲ, ಮರೆತವನಂತೆ ನಟಿಸುತ್ತಿದ್ದ, ಅಷ್ಟೇ. ಆರು ವರ್ಷದ ಹಿಂದೆ, ಪ್ರಮೋಷನ್ನಿನ ಆಸೆಗೆ ಆಫೀಸಿನ ಸಾಹೇಬರನ್ನೆಲ್ಲ ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದ. ನೀರಿನ ಜಗ್ಗು ಹಿಡಿದು ಬಂದವನು ಇದೇ ತಮ್ಮ. ಕಂಡವನೇ ಮುಖವರಳಿಸಿ “ಅಣ್ಣಾ!” ಅಂದ. ದೊಡ್ಡ ಸಾಹೇಬರ ಹುಬ್ಬು ಮೇಲೇರಿತು. ಅಣ್ಣ ಮೆನು ಕಾರ್ಡಿನಿಂದ ಕಣ್ಣೆತ್ತದೆ, “ಯಾರಯ್ಯ ನಿಂಗೆ ಅಣ್ಣ? ಸರ್ ಅನ್ನೋದು ಕಲಿ,” ಅಂದುಬಿಟ್ಟ. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಪ್ರಮೋಷನ್ನೂ ಬಂತು, ಗಿರಗಿರ ತಿರುಗುವ ಕುರ್ಚಿಯೂ ಬಂತು.

ನಾಳೆ ಬೆಳಿಗ್ಗೆ ಹೆಂಡತಿ ಬಂದು ಮನೆಗೆ ಕರೆದೊಯ್ಯುತ್ತಾಳೆ. ಆಡಬೇಕಾದ ಮಾತನ್ನು ಇವತ್ತು ಆಡದಿದ್ದರೆ ಇನ್ನೆಂದೂ ಆಡಲಾರ. ಹತ್ತು ಜನರ ಮೇಲೆ ರೇಗಿ ರೂಢಿಯಾದ ನಾಲಗೆಗೆ ಬೇಡಿಕೊಳ್ಳುವುದು ಬರುತ್ತಿರಲಿಲ್ಲ. ಆದರೂ ಅಂದ:

“ತಪ್ಪಾಯ್ತು ಕಣೋ.”

ಅಣ್ಣ ಮುಟ್ಟದೆ ತಣ್ಣಗಾಗಿದ್ದ ಸೂಪನ್ನು ತಮ್ಮ ಎತ್ತಿಕೊಂಡ. “ಥ್ಯಾಂಕ್ಯೂ, ಸರ್. ಈಸ್ ದೇರ್ ಎನಿಥಿಂಗ್ ಎಲ್ಸ್ ಐ ಕ್ಯಾನ್ ಹೆಲ್ಪ್ ಯು ವಿತ್?”

“ಇದೆ. ಒಂದೇ ಒಂದ್ಸಲ ಅಣ್ಣಾ ಅನ್ನೋ. ಇನ್ನೇನೂ ಕೇಳಲ್ಲ.”

ತಮ್ಮ ಸ್ಟೂಲಿನ ಮೇಲೆ ಉಳಿದಿದ್ದ ಚಮಚವನ್ನೂ ಎತ್ತಿ ಬಟ್ಟಲಿಗಿಟ್ಟುಕೊಂಡ. ಆಮೇಲೆ, ಗಿರಾಕಿ ಕೇಳಿದ್ದು ಅಡುಗೆಮನೆಯಲ್ಲಿ ಮುಗಿದುಹೋದಾಗ ಬಾಗುವಷ್ಟೇ ಬಾಗಿ ಹೇಳಿದ:

“ಸಾರಿ, ಸರ್. ಅದು ಖಾಲಿಯಾಗಿದೆ.”