ಜೀಪಿನ ಕೆಳಗಿನ ತೆಲುಗು

ಮೆಕ್ಯಾನಿಕ್ ಜಂಬುಲಿಂಗಪ್ಪ ನಿಂತಾಗ ಕನ್ನಡ ಮಾತಾಡುತ್ತಿದ್ದ, ಮಲಗಿದಾಗ ತೆಲುಗು. ಮಲಗೋದು ಅಂದ್ರೆ ಹಾಸಿಗೆ ಮೇಲಲ್ಲ, ಗಾಡಿ ಕೆಳಗೆ. ಚಿಕ್ಕಂದಿನಲ್ಲಿ ರಾಯದುರ್ಗದಲ್ಲಿ ಒಬ್ಬ ತೆಲುಗು ಮೇಸ್ತ್ರಿ ಹತ್ತಿರ ಕೆಲಸ ಕಲಿತವನು. ಪಾನಾ ಹಿಡಿದು ಅಂಗಾತ ಬಿದ್ದ ಕೂಡಲೇ ಅವನ ನಾಲಿಗೆ ತಾನಾಗೇ ಗಡಿ ದಾಟುತ್ತಿತ್ತು. ಎದ್ದು ಕೈ ಒರೆಸಿಕೊಂಡರೆ ಮತ್ತೆ ಕನ್ನಡಕ್ಕೆ ವಾಪಸ್. ನಮ್ಮ ಮೊಳಕಾಲ್ಮೂರಿನಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಇಲ್ಲಿ ಜಗಳವನ್ನೇ ಒಂದು ಭಾಷೆಯಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸೋ ಜನ ಇದ್ದೀವಿ.

ನನ್ನ ಟೈಲರ್ ಅಂಗಡಿ ಇದ್ದದ್ದು ಅವನ ಶೆಡ್ಡಿನ ಎದುರಿಗೆ. ಹಾಗಾಗಿ ಆ ಬುಧವಾರ ನಡೆದದ್ದಕ್ಕೆ ನಾನೇ ಸಾಕ್ಷಿ. ತೊಂಬತ್ತೆಂಟನೇ ಇಸವಿ, ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು.

ಬೆಳಿಗ್ಗೆ ಎಂಟಕ್ಕೆ ಪಾಲಾಕ್ಷ ತನ್ನ ಜೀಪು ತಂದು ನಿಲ್ಲಿಸಿದ. ಮಿಲಿಟರಿ ಹರಾಜಿನಿಂದ ಮೂರು ಕೈ ದಾಟಿ ಬಂದ ಗಾಡಿ, ನಾಲ್ಕೂ ಗಾಲಿ ಎಳೆಯೋದು. ಸಿದ್ದಾಪುರದ ಬಂಡೆಗಳ ಮಗ್ಗುಲಲ್ಲಿ ಅವನಿಗೆ ಹೊಲ ಇತ್ತು. ಟ್ರ್ಯಾಕ್ಟರ್ ಹಿಂದೆ ಸರಿಯೋ ಜಾಗದಲ್ಲಿ ಈ ಜೀಪು ಶೇಂಗಾ ಮೂಟೆ ಹೊತ್ತು ಮೇಕೆ ಥರ ಹತ್ತೋದು. ಇದ್ದದ್ದು ಒಂದೇ ಕಾಯಿಲೆ. ಡಾಂಬರು ರಸ್ತೆಯಲ್ಲಿ ನಲವತ್ತು ಮುಟ್ಟಿದರೆ ಮುಂದಿನ ಗಾಲಿಗಳು ದೇವರು ಬಂದಂಗೆ ಕುಣಿಯುತ್ತಿದ್ದವು.

ಆ ಕುಣಿತಕ್ಕೆ ಬಲಿಯಾದವರು ಅವನ ಮಾವ, ಹರಿಹರದ ಬೊಮ್ಮಲಿಂಗಪ್ಪನವರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಗೂ ತಾಗಿಸದೆ ರಿಟೈರಾದವರು. ಯುಗಾದಿಗೆ ಮಗಳ ಮನೆಗೆ ಬರುವಾಗ ಚಳ್ಳಕೆರೆಯಲ್ಲಿ ಜೀಪು ಹತ್ತಿದರು. ಊರು ದಾಟಿ ಜೀಪು ನಲವತ್ತು ಮುಟ್ಟಿತು, ಹಲ್ಲಿನ ಸೆಟ್ಟು ಬಾಯಿಂದ ಮಡಿಲಿಗೆ ಬಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಬೊಚ್ಚುಬಾಯಲ್ಲೇ "ನಿಲ್ಸು" ಅಂದು ಇಳಿದರು. ಉಳಿದ ದಾರಿ ಹಿಂದೆ ಬಂದ ಬಸ್ಸಿನಲ್ಲಿ.

ಆಮೇಲೆ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಪಾಲಾಕ್ಷ ಅದನ್ನು ನನಗೆ ತೋರಿಸಿದ್ದ. "ದೀಪಾವಳಿಗೆ ಮುಂಚೆ ಬಂದು ಇನ್ನೊಮ್ಮೆ ನಿಮ್ಮ ಗಾಡಿಯಲ್ಲಿ ಕೂರುತ್ತೇನೆ. ಅವತ್ತೂ ನಡುಗಿದರೆ ಗಾಡಿ ಮಾರತಕ್ಕದ್ದು. ನಾನು ಮಗಳನ್ನು ಕೊಟ್ಟಿರುವುದು ನಿಮಗೆ, ಜೀಪಿಗಲ್ಲ." ಇವನೂ ಹುಂಬತನಕ್ಕೆ "ಆಗಲಿ" ಅಂತ ಬರೆದು ಹಾಕಿದ್ದ. ಆ ಮಾವ ಇವತ್ತು ಮೂರು ಗಂಟೆಗೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯೋರಿದ್ದರು.

"ಜಂಬಣ್ಣ, ಇವತ್ತು ನಡುಕ ಹೋಗ್ಲಿಲ್ಲ ಅಂದ್ರೆ ಜೀಪು ಹೋಗ್ತೈತೆ," ಅಂದ ಪಾಲಾಕ್ಷ.

"ಗಾಬರಿ ಬೀಳ್ಬ್ಯಾಡ ಮಾರಾಯ. ನಾನು ಬಿಚ್ಚಿದ ಜಾಗದಾಗೆ ರೋಗ ಸಿಗದೇ ಇದ್ದದ್ದು ಯಾವತ್ತಾದ್ರೂ ಐತಾ? ಏನ್ ಓಬಯ್ಯ, ನೀನೇ ಹೇಳು."

"ಇಲ್ಲ ಬಿಡಪ್ಪ," ಅಂದೆ. ನಿಜವಾಗಲೂ ಇರಲಿಲ್ಲ.

ಜಾಕಿ ಕೊಟ್ಟು ಮುಂಭಾಗ ಎತ್ತಿದರು. ಎಡಗಡೆ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ 'ಲೊಡಕ್' ಅಂತಿತ್ತು. ಜಂಬುಲಿಂಗಪ್ಪ ನನ್ನ ಅಂಗಡಿ ಮೆಟ್ಟಿಲಲ್ಲಿ ನಿಂತು ಬೀಡಿ ಹಚ್ಚಿಕೊಂಡು ವಿವರಿಸಿದ.

"ನೋಡು, ಒಂದು ಕಡೆ ಗಾಲಿ ಬೇರಿಂಗು, ಇನ್ನೊಂದು ಕಡೆ ಗಾಲಿ ತಿರುಗ್ಸೋ ಕಿಂಗ್‌ಪಿನ್ನು. ಲೊಡಕ್ ಅನ್ನೋದು ಎರಡರಾಗೆ ಒಂದು. ಬ್ರೇಕ್ ಒತ್ತಿಸಿ ಅಲ್ಲಾಡ್ಸಿದಾಗ ಸದ್ದು ನಿಂತ್ರೆ ಬೇರಿಂಗು, ನಿಲ್ದಿದ್ರೆ ಕಿಂಗ್‌ಪಿನ್ನು. ಬೇರಿಂಗಾದ್ರೆ ಒಂದ್ ತಾಸಿನ ಕೆಲ್ಸ. ಕಿಂಗ್‌ಪಿನ್ನಾದ್ರೆ ಅರ್ಧ ದಿನ."

ಅವನು ಕೆಳಗೆ ಮಲಗಿ ಕೀಲು ನೋಡಬೇಕು, ಪಾಲಾಕ್ಷ ಗಾಲಿ ಅಲ್ಲಾಡಿಸಬೇಕು. ಬ್ರೇಕ್ ಒತ್ತೋಕೆ ಇನ್ನೊಂದು ಕಾಲು ಬೇಕು. ಅಪ್ಪನನ್ನು ಕರೆತರಲು ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ಹೊರಟಿದ್ದ ಗೀತಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಮದುವೆಯಾಗಿ ಎಂಟು ತಿಂಗಳು. ಹರಿಹರದವಳು, ತೆಲುಗು ಒಂದಕ್ಷರ ಬಾರದು. ಪಾಲಾಕ್ಷ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ನಡುವಿಂದು ಬ್ರೇಕು. ಜಂಬಣ್ಣ ಹೇಳ್ದಾಗ ತುಳಿ. ಹೇಳೋ ತನಕ ಮುಟ್ಬ್ಯಾಡ," ಅಂದ.

"ಅಷ್ಟೂ ತಿಳಿಯಲ್ಲೇನ್ರೀ ನನಗೆ?" ಅಂದಳು.

ಜಂಬುಲಿಂಗಪ್ಪ ಗೋಣಿಚೀಲ ಹಾಸಿ ಕೆಳಗೆ ನುಸುಳಿದ. ಕಾಲೆರಡು ಮಾತ್ರ ಹೊರಗೆ. ಒಳಗಿಂದ ದನಿ ಬಂತು.

"ತೊಕ್ಕಮ್ಮಾ!"

ಗೀತಮ್ಮ ಪಕ್ಕದಲ್ಲಿದ್ದ ಬುತ್ತಿಚೀಲ ನೋಡಿದಳು. "ಐತ್ರೀ ಅಣ್ಣಾರೇ!"

"ತೊಕ್ಕಾರಾ?"

"ಹೂಂ, ಖಾರಾನೇ!"

ಅದೇ ಹೊತ್ತಿಗೆ ರಾಂಪುರದ ಕಡೆಗೆ ಈರುಳ್ಳಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಆ ಸದ್ದಿನಲ್ಲಿ ಗಂಡಸರಿಬ್ಬರಿಗೂ 'ಹೂಂ' ಅನ್ನೋದಷ್ಟೇ ಕೇಳಿತು. ಪಾಲಾಕ್ಷ ಗಾಲಿ ಅಲ್ಲಾಡಿಸಿದ. ಲೊಡಕ್.

"ಗಟ್ಟಿಗಾ! ಗಟ್ಟಿಗಾ!" ಅಂದ ಜಂಬುಲಿಂಗಪ್ಪ.

"ಗಟ್ಟಿಯಾಗೇ ಐತ್ರೀ!"

ಪೆಡಲು ಗಟ್ಟಿಯಾಗಿದೆ ಅಂತಲೇ ಪಾಲಾಕ್ಷ ತಿಳಿದ. ಮತ್ತೆ ಅಲ್ಲಾಡಿಸಿದ. ಲೊಡಕ್, ಲೊಡಕ್. ನನಗೂ ಮಾತು ಕೇಳಿಸುತ್ತಿತ್ತು. ಆದರೆ ಬಾಯಲ್ಲಿ ನಾಲ್ಕು ಗುಂಡಿ, ಕಾಲ ಕೆಳಗೆ ಮಿಷನ್ನು, ಕೈಯಲ್ಲಿ ಹೆಡ್‌ಮಾಸ್ತರ ಪ್ಯಾಂಟು. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

ಜಂಬುಲಿಂಗಪ್ಪ ಹೊರಗೆ ಬಂದು ಎದ್ದು ನಿಂತ. "ಬ್ರೇಕ್ ಒತ್ತಿದ್ರೂ ಆಡ್ತೈತೆ. ಕಿಂಗ್‌ಪಿನ್ನೇ. ದೇವರೇ ಬಂದು ಹೇಳಿದ್ರೂ ಕಿಂಗ್‌ಪಿನ್ನೇ."

ಪಾಲಾಕ್ಷ ವಾಚು ನೋಡಿಕೊಂಡ.

ಹನ್ನೊಂದೂವರೆಗೆ ಗಾಲಿ, ಡ್ರಮ್ಮು, ಮೇಲಿನ ಮುಚ್ಚಳ ಎಲ್ಲ ಗೋಣಿಚೀಲದ ಮೇಲೆ ಸಾಲಾಗಿ ಕೂತಿದ್ದವು. ಜಂಬುಲಿಂಗಪ್ಪ ಕಿಂಗ್‌ಪಿನ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದ. ಅದು ಮದುಮಗನ ಉಂಗುರದಂತೆ ಹೊಳೆಯಿತು. ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ಮೂಸಿ ನೋಡಿದ. ಬೇರಿಂಗನ್ನು ಯಾಕೆ ಮೂಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಏನಣ್ಣ?" ಅಂದ ಪಾಲಾಕ್ಷ.

"ಇದು ಕೆಟ್ಟಿರ್ಬೇಕಿತ್ತು," ಅಂದ ಜಂಬುಲಿಂಗಪ್ಪ. ಮಾತು ಕೊಟ್ಟು ತಪ್ಪಿದ ನೆಂಟನನ್ನು ನೋಡೋ ಹಾಗೆ ಅದನ್ನು ನೋಡುತ್ತಿದ್ದ.

"ಮತ್ತೆ ಕೆಟ್ಟಿಲ್ವಾ?"

"ಇನ್ನೂ ಇಪ್ಪತ್ತು ವರ್ಷ ಬರ್ತೈತೆ."

ಪಾಲಾಕ್ಷ ಬಾನೆಟ್ ಮೇಲೆ ಕೈ ಆಡಿಸುತ್ತಿದ್ದ, ಸಂತೆಗೆ ಹೊಡೆಯೋ ಮುಂಚೆ ಎತ್ತಿನ ಮೈ ಸವರಿದಂಗೆ. ಜಂಬುಲಿಂಗಪ್ಪ ಎಡಗೈಯಿಂದ ಬಲಗೈಯನ್ನು ಹಿಡಿದು ನೋಡಿಕೊಂಡ. ತಪ್ಪು ಆ ಕೈಯದೇ ಇರಬೇಕು ಅನ್ನೋ ಅನುಮಾನ.

ಗೀತಮ್ಮನಿಗೆ ಇಬ್ಬರನ್ನೂ ನೋಡಿ ಸಂಕಟವಾಯಿತು. "ಬರ್ರಿ, ಎರಡು ರೊಟ್ಟಿ ತಿಂದು ಆಮ್ಯಾಲೆ ಯೋಚ್ನಿ ಮಾಡ್ರಿ. ನೀವೂ ಬರ್ರಿ ಓಬಯ್ಯಣ್ಣ," ಅಂದಳು. ಜೋಳದ ರೊಟ್ಟಿ ಹಂಚಿ, ಗಾಜಿನ ಬಾಟಲಿ ತೆಗೆದು, ಅದರಲ್ಲಿದ್ದದ್ದನ್ನು ಎಲ್ಲರಿಗಿಂತ ಮೊದಲು ಜಂಬುಲಿಂಗಪ್ಪನ ರೊಟ್ಟಿಗೆ ಎರಡು ಚಮಚ ಹಾಕಿದಳು.

"ತಗೊಳ್ರಿ ಅಣ್ಣಾರೇ. ಬೆಳಿಗ್ಗಿಂದ ಎಷ್ಟ್ ಸಲ ಕೇಳಿದ್ರಿ ಪಾಪ. ಬಾಯಿ ಕೆಟ್ಟೈತೇನೋ ಅಂದ್ಕೊಂಡೆ."

"ನಾನೇನು ಕೇಳ್ದೆ ತಾಯಿ?"

"ತೊಕ್ಕು. ಹುಣಸೇ ತೊಕ್ಕು. ಖಾರ ಐತಾ ಅಂದ್ರಿ, ಗಟ್ಟಿ ಐತಾ ಅಂದ್ರಿ. ಅಂಗಾತ ಬಿದ್ಕೊಂಡು ಕೇಳ್ತಿದ್ರಿ. ನಾನೂ ಎದ್ದ ಮ್ಯಾಲೆ ಕೊಡೋಣ ಅಂತ ಸುಮ್ನಾದೆ."

ಜಂಬುಲಿಂಗಪ್ಪನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಮತ್ತೆ ಬ್ರೇಕು?"

"ನೀವು ತುಳಿ ಅನ್ನಲೇ ಇಲ್ಲಲ್ರೀ! ಕಾಲು ಎತ್ತಿ ಹಿಡ್ದೇ ಕುಂತಿದ್ದೆ, ತೊಡೆ ಜೋಮು ಹಿಡೀತು."

ನನಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂದು ರೊಟ್ಟಿ ನೆತ್ತಿಗೇರಿತು. ಪಾಲಾಕ್ಷ ನನ್ನ ಬೆನ್ನಿಗೆ ಗುದ್ದುತ್ತಲೇ ಹೆಂಡತಿಗೆ ಹೇಳಿದ. "ಲೇ ಗೀತಾ, ತೆಲುಗಿನಾಗೆ ತೊಕ್ಕು ಅಂದ್ರೆ ತುಳಿ ಅಂತ. ತೊಕ್ಕಾರಾ ಅಂದ್ರೆ ತುಳಿದ್ರಾ ಅಂತ!"

"ಅಯ್ಯ! ನಿಮ್ಮೂರಾಗೆ ಬಾಟಲಿಯಾಗಿರೋದನ್ನ ತುಳೀತಾರೇನ್ರೀ?"

"ನಾನು ತೆಲುಗಿನಾಗೆ ಹೇಳಿದ್ನಾ?" ಅಂದ ಜಂಬುಲಿಂಗಪ್ಪ. ಅವನ ಆಶ್ಚರ್ಯ ನಿಜವಾದದ್ದು. ಇಪ್ಪತ್ತೈದು ವರ್ಷದಿಂದ ಗಾಡಿ ಕೆಳಗೆ ತಾನು ಯಾವ ಭಾಷೆ ಆಡುತ್ತೀನಿ ಅನ್ನೋದು ಅವನಿಗೇ ಗೊತ್ತಿರಲಿಲ್ಲ.

ರೊಟ್ಟಿ ಅಲ್ಲೇ ಬಿಟ್ಟು ಎದ್ದ, ಕೈ ತೊಳೆಯಲೂ ಇಲ್ಲ. ಬಿಚ್ಚಿದ್ದನ್ನೆಲ್ಲ ಇದ್ದಂತೆ ಕೂರಿಸಿ ಬಿಗಿದು, ಗಾಲಿ ಹಾಕಿ, ಮತ್ತೆ ಕೆಳಗೆ ನುಸುಳಿದ. ಈ ಸಲ ಕನ್ನಡದಲ್ಲೇ ಹೇಳಬೇಕು ಅಂತ ಬಹಳ ಕಷ್ಟಪಟ್ಟ.

"ತೊ..." ಅಂದ. ನುಂಗಿದ. "ತೊ... ಥೂ ಇದರ!"

"ತೊಕ್ಕು ಅನ್ರಿ ಅಣ್ಣಾರೇ, ಈಗ ತಿಳೀತೈತಿ!" ಅಂದು ಗೀತಮ್ಮ ಎರಡೂ ಕಾಲಿಂದ ಬ್ರೇಕ್ ಒತ್ತಿದಳು.

ಪಾಲಾಕ್ಷ ಅಲ್ಲಾಡಿಸಿದ. ಗಾಲಿ ಸಿದ್ದಾಪುರದ ಬಂಡೆ ಹಾಗೆ ಕೂತಿತ್ತು. ಕಾಲು ತೆಗೆದಳು, ಲೊಡಕ್. ಒತ್ತಿದಳು, ಸದ್ದಿಲ್ಲ. ಗಾಲಿ ಬೇರಿಂಗಿನ ನಟ್ಟು ಸಡಿಲಾಗಿತ್ತು, ಅಷ್ಟೇ. ಜಂಬುಲಿಂಗಪ್ಪ ಅದನ್ನು ಬಿಗಿದು, ಗಾಲಿ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಹಿಂದೆ ಬಿಟ್ಟು, ಲಾಕು ಮಡಚಿದ. ಬಲಗಡೆದನ್ನೂ ಹಾಗೇ ನೋಡಿದ. ಒಂದೂ ಮುಕ್ಕಾಲಿಗೆ ಜಾಕಿ ಇಳಿಯಿತು.

"ಓಬಯ್ಯ, ಕಿಂಗ್‌ಪಿನ್ ಬಿಚ್ಚಿದ್ದು ಯಾರಿಗೂ ಹೇಳ್ಬ್ಯಾಡ," ಅಂದ.

"ದೇವರಾಣೆ ಹೇಳಲ್ಲ," ಅಂದೆ. ನೋಡಿ, ಹೇಳ್ತಾ ಇದ್ದೀನಿ.

ನನಗೂ ಗುಂಡಿ, ಲೈನಿಂಗ್ ಬಟ್ಟೆ ತರೋದಿತ್ತು ಅನ್ನೋ ನೆಪ ಹೇಳಿ ಹಿಂದಿನ ಸೀಟು ಹಿಡಿದೆ. ನಿಜ ಹೇಳಬೇಕು ಅಂದ್ರೆ, ಇದರ ಕೊನೆ ನೋಡದೆ ಪ್ಯಾಂಟು ಹೊಲಿಯೋಕೆ ಆಗುತ್ತಿರಲಿಲ್ಲ. ಹೋಗುವಾಗ ಪಾಲಾಕ್ಷ ಹೆದರಿ ಮೂವತ್ತೈದು ದಾಟಿಸಲೇ ಇಲ್ಲ.

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಗೇಟಿನಲ್ಲಿ ಬೊಮ್ಮಲಿಂಗಪ್ಪನವರು ಛತ್ರಿ ಊರಿಕೊಂಡು ನಿಂತಿದ್ದರು. ಅಳಿಯನ ನಮಸ್ಕಾರಕ್ಕೆ ತಲೆ ಆಡಿಸಿದರು. ಜೀಪು ಹತ್ತಲಿಲ್ಲ. ಒಂದು ಸುತ್ತು ಬಂದರು.

"ಜಾಕಿ ಐತೇನ್ರೀ?"

ಕೊಟ್ಟೆವು. ಪಂಚೆ ಎತ್ತಿ ಕಟ್ಟಿ, ಬಸ್‌ಸ್ಟ್ಯಾಂಡಿನ ಜನ ನೋಡುತ್ತಿರುವಾಗಲೇ ಎಡಗಡೆ ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ನಂಬಿಕೆ ಬರಲಿಲ್ಲ.

"ಗೀತಾ, ಹತ್ತು. ಬ್ರೇಕ್ ತುಳಿ ನೋಡಾನ."

ಮಗಳು ಹತ್ತಿ ಕೂತು, ಗಂಡನ ಊರಿನ ಮಾತು ಕಲಿತ ಹೆಮ್ಮೆಯಲ್ಲಿ ಕೂಗಿದಳು. "ತೊಕ್ಕೀನಪ್ಪಾ!"

"ತೊಕ್ಕು ಆಮ್ಯಾಲೆ ಕೊಡೀಯಂತೆ, ಮೊದ್ಲು ಬ್ರೇಕ್ ತುಳಿ!" ಅಂದರು ಬೊಮ್ಮಲಿಂಗಪ್ಪನವರು.

ಪಾಲಾಕ್ಷ ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ. ನೋಡಿ ನಕ್ಕಿದ್ದರೆ ಜೀಪು ಅಲ್ಲೇ ಮಾರಾಟವಾಗುತ್ತಿತ್ತು.

ಕೊನೆಗೆ ಮಾವನವರು ಮುಂದೆ ಹತ್ತಿ ಕೂತರು, ಗೀತಮ್ಮ ಹಿಂದಿನ ಸೀಟಿಗೆ ಬಂದಳು. ಊರು ದಾಟಿತು. ಮೂವತ್ತು. ಮೂವತ್ತೈದು. ಮಾವನವರ ಬಲಗೈ ಮೆಲ್ಲಗೆ ಎದ್ದು ಬಾಯಿಗೆ ಅಡ್ಡವಾಗಿ ನಿಂತಿತು. ನಲವತ್ತು. ಪಾಲಾಕ್ಷನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ನಲವತ್ತೈದು. ಸ್ಟೇರಿಂಗು ಮಲಗಿದ ಮಗುವಿನಂತಿತ್ತು. ಐವತ್ತಕ್ಕೆ ಆ ಕೈ ಬಾಯಿಂದ ಇಳಿದು ಮೊಣಕಾಲಿನ ಮೇಲೆ ಕೂತಿತು.

ಆಮೇಲೆ ಹಿಂದಕ್ಕೆ ತಿರುಗದೆ ಕೈ ಚಾಚಿದರು.

"ಎಲ್ಲಿ, ಆಗ್ಲೇ ತೊಕ್ಕು ಅಂದ್ಯಲ್ಲ, ಕೊಡು. ಒಂದು ರೊಟ್ಟಿನೂ ಕೊಡು, ಗಟ್ಟಿ ಇದ್ರೂ ಪರವಾಗಿಲ್ಲ."

ಐವತ್ತರ ಓಟದಲ್ಲಿ ಒಣರೊಟ್ಟಿ ಕಟುಂ ಕಟುಂ ಅಂತ ಅಗಿಯೋ ಸದ್ದು ಹಿಂದಿನ ಸೀಟಿಗೂ ಕೇಳುತ್ತಿತ್ತು. ಪಾಲಾಕ್ಷ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಅವಳು ಬಾಟಲಿಯ ತಳ ನೋಡುತ್ತಿದ್ದಳು.

"ಅಪ್ಪಾ, ಅಷ್ಟೂ ಮುಗಿಸ್ಬ್ಯಾಡ. ಜಂಬಣ್ಣಾರಿಗೆ ಒಂದೀಟು ಉಳಿಸ್ಬೇಕು. ಪಾಪ, ಮಧ್ಯಾಹ್ನ ಬಾಯಿಗೆ ಇಟ್ಕೊಳ್ಳಾಕೂ ಬಿಡ್ಲಿಲ್ಲ ನಾವು."